ಪಲ್ಸರ್ ಎನ್‌ಎಸ್400ಝಡ್: ಏರಿದ್ದು ಮೂರೇ ಪಿಎಸ್, ಲಾಭ ಬ್ರೇಕ್‌ನಲ್ಲಿ, ಹೊರೆ ಮಾತ್ರ ತೆರಿಗೆಯಲ್ಲಿ

ಬಜಾಜ್ 2024ರ ಮೇ ತಿಂಗಳಲ್ಲಿ ಪಲ್ಸರ್ ಎನ್‌ಎಸ್400ಝಡ್ ಬಿಡುಗಡೆ ಮಾಡಿದಾಗ ಬೈಕ್‌ಗಿಂತ ಹೆಚ್ಚು ಚರ್ಚೆಯಾಗಿದ್ದು ಅದರ ಬೆಲೆ. 373 ಸಿಸಿ ಎಂಜಿನ್, 40 ಪಿಎಸ್ ಶಕ್ತಿ, ಎಕ್ಸ್‌ ಶೋರೂಂ ದರ 1.85 ಲಕ್ಷ ರೂಪಾಯಿ. ಮರುವರ್ಷವೇ ಅದರ ಸುಧಾರಿತ ಆವೃತ್ತಿ ಬಂತು. ಶಕ್ತಿ 43 ಪಿಎಸ್‌ಗೆ ಏರಿತು, ಬೆಲೆ ಸುಮಾರು 1.92 ಲಕ್ಷ ರೂಪಾಯಿಗೆ ತಲುಪಿತು.

ಜಾಹೀರಾತಿನಲ್ಲಿ ಮಿಂಚುವುದು ವೇಗ. 100 ಕಿ.ಮೀ. ವೇಗ ಮುಟ್ಟಲು ಹಿಂದೆ 7.5 ಸೆಕೆಂಡ್ ಬೇಕಿತ್ತು, ಈಗ 6.4 ಸೆಕೆಂಡ್ ಸಾಕು ಎನ್ನುತ್ತದೆ ಕಂಪನಿ. ಕ್ಲಚ್ ಹಿಡಿಯದೆ ಗೇರ್ ಬದಲಿಸುವ ಕ್ವಿಕ್‌ಶಿಫ್ಟರ್ ಕೂಡ ಸೇರಿದೆ.

ಆದರೆ ಹೆಚ್ಚುವರಿ ಏಳು ಸಾವಿರ ರೂಪಾಯಿ ಕೊಡಲು ನಿಜವಾದ ಕಾರಣ ಬೇರೆ ಕಡೆ ಇದೆ. ಮುಂದಿನ ಡಿಸ್ಕ್‌ಗೆ ಈಗ ಸಿಂಟರ್ಡ್ ಬ್ರೇಕ್ ಪ್ಯಾಡ್ ಬಂದಿದೆ. ಲೋಹದ ಪುಡಿಯನ್ನು ಬಿಸಿಯಲ್ಲಿ ಒತ್ತಿ ತಯಾರಿಸುವ ಈ ಪ್ಯಾಡ್, ಮತ್ತೆ ಮತ್ತೆ ಬ್ರೇಕ್ ಹಾಕಿ ಕಾದಾಗಲೂ ಹಿಡಿತ ಬಿಡುವುದು ಕಡಿಮೆ. ಹಿಂದಿನ ಟೈರ್ 140ರಿಂದ 150 ಸೆಕ್ಷನ್‌ಗೆ ಅಗಲವಾಗಿದೆ. 174 ಕಿಲೋ ತೂಗುವ, ಇಷ್ಟು ಬೇಗ ವೇಗ ಹಿಡಿಯುವ ಬೈಕ್‌ಗೆ ಇವು ಮೊದಲ ದಿನವೇ ಇರಬೇಕಿತ್ತು. 2024ರಲ್ಲಿ ಖರೀದಿಸಿದವರು ಬೇಸರಪಟ್ಟುಕೊಂಡರೆ ತಪ್ಪೇನಿಲ್ಲ.

ಯಾಕೆ ಬ್ರೇಕ್ ಮುಖ್ಯ ಎನ್ನಲು ಇನ್ನೊಂದು ಕಾರಣವಿದೆ. ಬಜಾಜ್‌ನ ನೆಲೆ ಪುಣೆ. ಆದರೆ ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಗೆ ದ್ವಿಚಕ್ರ ವಾಹನಗಳಿಗೆ ಪ್ರವೇಶವೇ ಇಲ್ಲ. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥವೂ 2023ರ ಆಗಸ್ಟ್‌ನಿಂದ ಬೈಕ್‌ಗಳಿಗೆ ಮುಚ್ಚಿದೆ. ಅಂದರೆ ಈ 43 ಪಿಎಸ್ ಓಡುವುದು ಹಳೆಯ ಹೆದ್ದಾರಿಯಲ್ಲಿ, ಸರ್ವಿಸ್ ರಸ್ತೆಯಲ್ಲಿ, ಹಂಪ್‌ಗಳ ನಡುವೆ. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಿಗೆ ಬಲಿಯಾದ 1,68,491 ಮಂದಿಯಲ್ಲಿ ಶೇ 44.5ರಷ್ಟು ದ್ವಿಚಕ್ರ ವಾಹನ ಸವಾರರು ಎಂಬುದು ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕ.

ಇನ್ನು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕ್‌ಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡ ಎಂಜಿನ್‌ಗಳಿಗೆ ಸೆಸ್ ಸೇರಿ ಶೇ 31 ಇದ್ದದ್ದು 40ಕ್ಕೆ ಏರಿತು. 373 ಸಿಸಿಯ ಈ ಪಲ್ಸರ್ ಗಡಿ ದಾಟಿದ್ದು ಕೇವಲ 23 ಸಿಸಿಯಿಂದ! ಥರ್ಡ್ ಪಾರ್ಟಿ ವಿಮೆಯಲ್ಲೂ ಇದೇ ಗೆರೆ: 2022ರಲ್ಲಿ ನಿಗದಿಯಾದ ವಾರ್ಷಿಕ ದರ 350 ಸಿಸಿ ಒಳಗೆ (150 ದಾಟಿದವಕ್ಕೆ) 1,366 ರೂಪಾಯಿ, ಮೇಲೆ 2,804 ರೂಪಾಯಿ.

ಶಕ್ತಿಯನ್ನಲ್ಲ, ಸಿಲಿಂಡರ್‌ನ ಗಾತ್ರವನ್ನು ಅಳೆದು ತೆರಿಗೆ ಹಾಕಿದರೆ ಕಂಪನಿಗಳು ಏನು ಮಾಡುತ್ತವೆ ಎಂದು ಊಹಿಸುವುದು ಕಷ್ಟವಲ್ಲ. 349 ಸಿಸಿಯೊಳಗೇ ಹೆಚ್ಚು ಶಕ್ತಿ ಹಿಂಡುವ ಎಂಜಿನ್‌ಗಳತ್ತ ಅವು ತಿರುಗುತ್ತವೆ. ಹಾಗಾದಾಗ 'ಐಷಾರಾಮಿ' ತೆರಿಗೆ ತಪ್ಪುತ್ತದೆ, ರಸ್ತೆಯ ಮೇಲಿನ ವೇಗ ಹಾಗೆಯೇ ಉಳಿಯುತ್ತದೆ. ಎಕ್ಸ್‌ ಶೋರೂಂ ದರವನ್ನಷ್ಟೇ ನೋಡಿ ಮುಂಗಡ ಕೊಡುವವರು ಆನ್‌ರೋಡ್ ಬೆಲೆಯ ಪೂರ್ತಿ ಪಟ್ಟಿಯನ್ನು ಡೀಲರ್ ಬಳಿ ಮೊದಲೇ ಬರೆಸಿಕೊಳ್ಳುವುದು ಲೇಸು.