ರೇಡಾರಿನ ಕಣ್ಣಿಗೆ ಬಡವನ ದೋಣಿಯೂ ಬೀಳಲಿ

ಅಲೀಪುರದಲ್ಲಿ ಕುಳಿತವರಿಗೆ ದೋಣಿಯ ಮಾತೇಕೆ ಎಂದು ಓದುಗರು ಕೇಳಬಹುದು. ನಮ್ಮ ಉತ್ತರ ಪಿನಾಕಿನಿಯಲ್ಲಿ ವರ್ಷದ ಬಹುಕಾಲ ಮರಳಲ್ಲದೆ ನೀರಿಲ್ಲ. ಆದರೆ 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಕಾರವಾರದ ಕಡಲಲ್ಲಿ ಮಗುಚಿ 16 ಮಂದಿ ಸತ್ತರು. ಅವರಲ್ಲಿ ಬಯಲುಸೀಮೆಯ ಹಾವೇರಿ ಜಿಲ್ಲೆಯವರೂ ಇದ್ದರು. ಹೊಟ್ಟೆಪಾಡಿಗೋ ದೇವರ ದರ್ಶನಕ್ಕೋ ದೋಣಿ ಹತ್ತುವವರು ನಮ್ಮಂಥವರೇ.

2016ರ ಕಾಯಿದೆಯಿಂದ ದೇಶದ ರಾಷ್ಟ್ರೀಯ ಜಲಮಾರ್ಗಗಳು 111 ಆದವು. ನಮ್ಮ ಕಾಳಿ, ಶರಾವತಿ, ನೇತ್ರಾವತಿ, ಗುರುಪುರ ನದಿಗಳೂ ಆ ಪಟ್ಟಿಯಲ್ಲಿವೆ. ಅದೇ ವರ್ಷ ಗಂಗೆಯ ಜಲಮಾರ್ಗದಲ್ಲಿ, ಹಲ್ದಿಯಾದಿಂದ ಫರಕ್ಕಾವರೆಗೆ, ಹಡಗುಗಳ ಸಂಚಾರವನ್ನು ದಡದಿಂದಲೇ ಗಮನಿಸುವ ನದಿ ಮಾಹಿತಿ ವ್ಯವಸ್ಥೆ ಆರಂಭವಾಯಿತು. ಇಂಥ ವ್ಯವಸ್ಥೆಯ ಮುಖ್ಯ ಸಾಧನಗಳಲ್ಲಿ ರೇಡಾರ್ ಒಂದು.

ಗೌರಿಬಿದನೂರಿನ ಬಳಿಯ ರೇಡಿಯೋ ದೂರದರ್ಶಕ ಸೂರ್ಯನಿಂದ ಬರುವ ಅಲೆಗಳನ್ನು ಆಲಿಸುತ್ತದೆ. ರೇಡಾರ್ ಹಾಗಲ್ಲ, ತಾನೇ ಅಲೆಗಳನ್ನು ಕಳಿಸಿ, ಅವು ಹಡಗಿಗೆ ತಗುಲಿ ಮರಳಿದ ಮಾರ್ದನಿಯಿಂದ ಅದು ಎಲ್ಲಿದೆ, ಎತ್ತ ಸಾಗುತ್ತಿದೆ ಎಂದು ತಿಳಿಯುತ್ತದೆ. ಕತ್ತಲೆ, ಮಂಜು ಅದಕ್ಕೆ ಅಡ್ಡಿಯಲ್ಲ. 2021ರ ಸೆಪ್ಟೆಂಬರ್ 8ರಂದು ಅಸ್ಸಾಮಿನ ನಿಮಾತಿ ಘಾಟಿನ ಬಳಿ ಬ್ರಹ್ಮಪುತ್ರದಲ್ಲಿ ಎರಡು ಪ್ರಯಾಣಿಕ ನಾವೆಗಳು ಹಗಲಿನಲ್ಲೇ ಡಿಕ್ಕಿ ಹೊಡೆದು ಒಂದು ಮಗುಚಿತು. ಅಂಥ ಕಡೆ ಮುನ್ನೆಚ್ಚರಿಕೆಯ ಒಂದು ಮಾತಿಗೆ ಪ್ರಾಣದ ಬೆಲೆಯಿದೆ.

ನಾವು ಯಂತ್ರದ ವಿರೋಧಿಗಳಲ್ಲ. ನೀರಿನ ದಾರಿಯಲ್ಲಿ ಸಾಗಣೆ ಅಗ್ಗವಾದರೆ ಸಣ್ಣ ವ್ಯಾಪಾರಿಗೂ ಲಾಭವೇ. ಆದರೆ ಉಕ್ಕಿನ ಹಡಗಿನ ಮಾರ್ದನಿ ಬಲವಾದದ್ದು, ಮರದ ಸಣ್ಣ ದೋಣಿಯದು ಕ್ಷೀಣ. ನದಿಯ ತಿರುವು, ಗುಡ್ಡಗಳ ಮರೆಯಲ್ಲಿ ಅದೂ ಕೇಳಿಸದು. ದೊಡ್ಡ ಹಡಗು ತನ್ನ ಇರವನ್ನು ತಾನೇ ಸಾರುವ ಉಪಕರಣ ಹೊತ್ತಿರುತ್ತದೆ. ಅಂಬಿಗನಿಗೆ ಅದನ್ನು ಕೊಳ್ಳುವ ಶಕ್ತಿಯೆಲ್ಲಿ? ಮಗ್ಗಕ್ಕೆ ವಿಮೆ ಮಾಡಿಸಿ ಕಾರ್ಮಿಕನ ಬೆರಳಿಗೆ ಕಾವಲು ಹಾಕದ ಗಿರಣಿಯಂತೆ, ಸರಕನ್ನು ಕಂಡು ಮನುಷ್ಯನನ್ನು ಕಾಣದ ವ್ಯವಸ್ಥೆಯಾಗಬಾರದು.

ಆದ್ದರಿಂದ ನಮ್ಮ ಒತ್ತಾಯವಿಷ್ಟು. ರೇಡಾರ್ ನಿಲ್ಲಿಸುವ ಪ್ರತಿ ನದಿಯಲ್ಲೂ ಅಲೆಯನ್ನು ಬಲವಾಗಿ ಹಿಂದಿರುಗಿಸುವ ಲೋಹದ ಫಲಕವನ್ನೂ ಮಾತನಾಡುವ ರೇಡಿಯೋವನ್ನೂ ಸಣ್ಣ ದೋಣಿಗಳಿಗೆ ಸರ್ಕಾರವೇ ಕೊಡಲಿ. ಉಪಕರಣವಿಲ್ಲವೆಂದು ಅಂಬಿಗನಿಗೆ ದಂಡ ಹಾಕುವುದು ಬೇಡ. ಕಾರವಾರದ ದೋಣಿಯಲ್ಲಿ ಮಿತಿಮೀರಿ ಜನರಿದ್ದರೆಂದು ಆಗ ವರದಿಯಾಗಿತ್ತು. ತಲೆ ಎಣಿಸುವುದು ರೇಡಾರಿನಿಂದಾಗದು. ಅದಕ್ಕೆ ಕಡವಿನಲ್ಲಿ ಸಂಬಳದ ನೌಕರನೊಬ್ಬ ಬೇಕು, ಪ್ರತಿ ಪ್ರಯಾಣಿಕನಿಗೂ ತೇಲುವ ಅಂಗಿ ಬೇಕು.

ಯಂತ್ರದ ಹಣ ಜನರ ತೆರಿಗೆಯದು. ಅದು ಮೊದಲು ಜನರ ಪ್ರಾಣ ಕಾಯಲಿ, ಆಮೇಲೆ ಸರಕನ್ನು ಕಾಯಲಿ.