ದುಡಿಯುವ ತಾಯಂದಿರ ಮಕ್ಕಳ ಪಾಲನೆ ಮತ್ತು ಅಜ್ಜ-ಅಜ್ಜಿಯರ ಮೇಲೆ ಬಿದ್ದಿರುವ ಹೊಣೆ: ಕರ್ನಾಟಕ ಸರ್ಕಾರಕ್ಕೆ ಮನವಿ ಪತ್ರ

ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವ ಅನೇಕ ತಾಯಂದಿರ ಮಕ್ಕಳು ಬೆಂಗಳೂರಿನಲ್ಲಿ ಇಲ್ಲ. ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿಯ ಕಾರ್ಖಾನೆಗಳಲ್ಲಿ ದುಡಿಯುವ ಈ ಹೆಣ್ಣುಮಕ್ಕಳ ಕೂಸುಗಳು ಮಂಡ್ಯ, ತುಮಕೂರು, ಹಾಸನ, ಚಿತ್ರದುರ್ಗದ ಹಳ್ಳಿಗಳಲ್ಲಿ ಅಜ್ಜಿಯ ಸೊಂಟದ ಮೇಲೆ ಬೆಳೆಯುತ್ತಿವೆ. ತಾಯಿ ಮಗುವಿನ ಮುಖ ಕಾಣುವುದು ಯುಗಾದಿಗೆ, ದೀಪಾವಳಿಗೆ, ಊರ ಹಬ್ಬಕ್ಕೆ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಇದರ ರೂಪ ಬೇರೆ. ಅಲ್ಲಿ ಗಂಡ-ಹೆಂಡತಿ ಇಬ್ಬರೂ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತಾರೆ, ಊರಲ್ಲಿ ಆಯಿ, ಮುತ್ಯಾ (ಅಜ್ಜಿ, ಅಜ್ಜ) ಮತ್ತು ಮಕ್ಕಳು ಉಳಿಯುತ್ತಾರೆ. ಈ ಏರ್ಪಾಡು ಯಾವ ಕಾಯ್ದೆಯಲ್ಲೂ ಇಲ್ಲ, ಯಾವ ಬಜೆಟ್ಟಿನಲ್ಲೂ ಇಲ್ಲ. ಆದರೂ ರಾಜ್ಯದ ಸಿದ್ಧ ಉಡುಪು ಉದ್ಯಮ, ಕಟ್ಟಡ ಉದ್ಯಮ, ಮನೆಗೆಲಸ, ಕಚೇರಿ ಕೆಲಸ ಎಲ್ಲವೂ ಒಂದಲ್ಲ ಒಂದು ಬಗೆಯಲ್ಲಿ ಇದರ ಆಸರೆಯಲ್ಲೇ ನಡೆಯುತ್ತಿವೆ. ಕಾರ್ಮಿಕ ಇಲಾಖೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಹಾಗೂ ಹಿರಿಯ ನಾಗರಿಕರ ಸಬಲೀಕರಣದ ಹೊಣೆ ಹೊತ್ತ ಇಲಾಖೆ, ಈ ಮೂರೂ ಒಟ್ಟಿಗೆ ಕೂತು ನೋಡಬೇಕಾದ ವಿಷಯ ಇದಾದ್ದರಿಂದ ಮೂರಕ್ಕೂ ಈ ಮನವಿಯನ್ನು ಸಲ್ಲಿಸಲಾಗಿದೆ.

ಮಗಳ ಹೆರಿಗೆಗೆ ತವರು ನಿಲ್ಲುವುದು ಕನ್ನಡ ನಾಡಿನಲ್ಲಿ ಹೊಸದಲ್ಲ. ಚೊಚ್ಚಲ ಹೆರಿಗೆಗೆ ಮಗಳನ್ನು ಕರೆತಂದು, ಎಣ್ಣೆ ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು, ಬಜೆ ತೇಯ್ದು, ಮೂರು ಅಥವಾ ಐದು ತಿಂಗಳು ಬಾಣಂತನ ಮಾಡಿ ತೊಟ್ಟಿಲು ಸಮೇತ ಕಳುಹಿಸಿಕೊಡುವ ಪದ್ಧತಿ ಇಂದಿಗೂ ಇದೆ. ಈ ಪದ್ಧತಿಯ ಒಂದು ಗುಣವನ್ನು ಗಮನಿಸಬೇಕು. ಬಾಣಂತನಕ್ಕೆ ಮುಗಿಯುವ ದಿನವೊಂದಿದೆ, ಅಂದು ಮಗಳಿಗೆ ಉಡಿ ತುಂಬುತ್ತಾರೆ. ಈಗ ಅಜ್ಜಿಯರ ಮೇಲೆ ಬಿದ್ದಿರುವ ಕೆಲಸಕ್ಕೆ ಅಂಥ ದಿನವಿಲ್ಲ. ಮಗು ಶಾಲೆಗೆ ಸೇರುವವರೆಗೆ ಎಂದು ಶುರುವಾದದ್ದು ಏಳನೇ ತರಗತಿಯವರೆಗೆ ಎಳೆಯುತ್ತದೆ, ಅಷ್ಟರಲ್ಲಿ ಎರಡನೇ ಮಗಳ ಕೂಸು ಬಂದಿರುತ್ತದೆ.

ಇದು ಹೀಗೇಕಾಯಿತು ಎಂಬುದಕ್ಕೆ ಹೆರಿಗೆ ರಜೆಯ ಲೆಕ್ಕದಲ್ಲೇ ಅರ್ಧ ಉತ್ತರವಿದೆ. 1961ರ ಮಾತೃತ್ವ ಸೌಲಭ್ಯ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ ವೇತನ ಸಹಿತ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. ದೊಡ್ಡ ಹೆಜ್ಜೆಯೇ ಅದು. ಅದರಲ್ಲಿ 8 ವಾರಗಳವರೆಗೆ ಹೆರಿಗೆಗೆ ಮುಂಚೆಯೇ ಪಡೆಯಬಹುದು. ದಿನವಿಡೀ ನಿಂತು ಅಥವಾ ಬಾಗಿ ದುಡಿಯುವ ಗರ್ಭಿಣಿಗೆ ಆ ಎಂಟು ವಾರ ಬೇಕೇ ಬೇಕು. ಉಳಿಯುವುದು 18 ವಾರ, ಅಂದರೆ ನಾಲ್ಕು ತಿಂಗಳು. ಆರು ತಿಂಗಳು ತುಂಬುವವರೆಗೆ ಮಗುವಿಗೆ ತಾಯಿಯ ಎದೆಹಾಲನ್ನು ಬಿಟ್ಟು ನೀರನ್ನೂ ಕೊಡಬಾರದೆಂದು ಸರ್ಕಾರದ ಆರೋಗ್ಯ ಕಾರ್ಯಕರ್ತೆಯರೇ ಮನೆ ಮನೆಗೆ ಹೋಗಿ ಹೇಳುತ್ತಾರೆ. ನಾಲ್ಕನೇ ತಿಂಗಳಿಗೆ ತಾಯಿ ಕಾರ್ಖಾನೆಯ ಹೊಲಿಗೆ ಲೈನಿಗೆ ಮರಳಿದರೆ ಉಳಿದ ಎರಡು ತಿಂಗಳ ಹಾಲು ಎಲ್ಲಿಂದ ಬರಬೇಕು? ಮೂರನೇ ಮಗುವಾದರೆ ರಜೆ 12 ವಾರಕ್ಕೆ ಇಳಿಯುತ್ತದೆ, ಆ ಕೂಸಿನ ಹಸಿವು ಮಾತ್ರ ಇಳಿಯುವುದಿಲ್ಲ. ಮನೆಗೆಲಸದವರು, ಬೀದಿ ವ್ಯಾಪಾರದವರು, ಹೊಲದ ಕೂಲಿಯವರಿಗೆ ಈ ರಜೆಯೂ ಇಲ್ಲ. ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆಯಡಿ ಮೊದಲ ಮಗುವಿಗೆ ಸಿಗುವ 5,000 ರೂಪಾಯಿ ಅವರನ್ನು ಎಷ್ಟು ದಿನ ಮನೆಯಲ್ಲಿ ಕೂರಿಸೀತು ಎಂಬುದು ಎಲ್ಲರಿಗೂ ತಿಳಿದ ವಿಷಯ.

ಉತ್ತರದ ಇನ್ನರ್ಧ ಇರುವುದು ಶಿಶುಪಾಲನಾ ಕೇಂದ್ರಗಳಲ್ಲಿ. 1948ರ ಕಾರ್ಖಾನೆ ಕಾಯ್ದೆಯ 48ನೇ ಕಲಮು 30ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕೆಂದು ಹೇಳಿತ್ತು. 2017ರ ತಿದ್ದುಪಡಿ 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯ ಮಾಡಿ, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಅವಕಾಶ ಕೊಟ್ಟಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಐವತ್ತರ ಮಿತಿಯನ್ನೇ ಇಟ್ಟುಕೊಂಡಿದೆ. ಕಟ್ಟಡ ಕಾರ್ಮಿಕರಿಗಾಗಿ ಬಂದ 1996ರ ಕಾಯ್ದೆಯಲ್ಲೂ 50ಕ್ಕಿಂತ ಹೆಚ್ಚು ಮಹಿಳೆಯರಿದ್ದ ಕಡೆ ಮಕ್ಕಳ ಕೋಣೆಯ ವಿಧಿ ಇತ್ತು. ಹೀಗಾಗಿ ಕಾನೂನಿನ ಕೊರತೆ ಅಷ್ಟಾಗಿ ಕಾಣುವುದಿಲ್ಲ. ಕೊರತೆ ಇರುವುದು ಮನೆಯ ಬಾಗಿಲಿನಿಂದ ಆ ಕೋಣೆಯವರೆಗಿನ ದಾರಿಯಲ್ಲಿ.

ಬೆಳಗಿನ ಜಾವ ಎದ್ದು, ನೀರು ಹಿಡಿದು, ಅಡುಗೆ ಮಾಡಿ, ಕಿಕ್ಕಿರಿದ ಬಸ್ಸಿನಲ್ಲೋ ಟೆಂಪೋದಲ್ಲೋ ನಿಂತು ಬರುವ ಹೆಂಗಸು ಹತ್ತು ತಿಂಗಳ ಮಗುವನ್ನು ಎತ್ತಿಕೊಂಡು ಬರಲಾರಳು. ಬಂದರೂ, ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಇರುವ ಲೈನಿನಲ್ಲಿ ಒಬ್ಬಳು ಎದ್ದು ಹೋದರೆ ಕೆಲಸ ಅವಳ ಹಿಂದೆ ರಾಶಿ ಬೀಳುತ್ತದೆ, ಮುಂದಿನವಳು ಕೈಕಟ್ಟಿ ಕೂರಬೇಕಾಗುತ್ತದೆ. ಕಾಯ್ದೆ ಕೊಟ್ಟ ನಾಲ್ಕು ಭೇಟಿ ಹೀಗೆ ಸೂಪರ್‌ವೈಸರ್ ಕಣ್ಣಿಗೆ ತಪ್ಪಾಗಿ ಕಾಣುತ್ತದೆ. ತಾಯಂದಿರು ಕೇಳುವುದನ್ನೇ ಬಿಡುತ್ತಾರೆ, ಕೋಣೆಯಲ್ಲಿ ತೊಟ್ಟಿಲುಗಳು ಖಾಲಿ ಉಳಿಯುತ್ತವೆ, ‘ಮಕ್ಕಳೇ ಬರುವುದಿಲ್ಲ’ ಎಂದು ತಪಾಸಣೆಯ ಹಾಳೆಯಲ್ಲಿ ಬರೆದುಕೊಳ್ಳಲಾಗುತ್ತದೆ. ಹಾಳೆಯಲ್ಲಿ ಬರೆದದ್ದು ಸುಳ್ಳಲ್ಲ, ಆದರೆ ಅವು ಯಾಕೆ ಬರುವುದಿಲ್ಲ ಎಂದು ಯಾರೂ ಕೇಳಿರುವುದಿಲ್ಲ.

ಆದ್ದರಿಂದ ಕಾರ್ಮಿಕ ಇಲಾಖೆಯನ್ನು ಮೊದಲಿಗೆ ಕೋರುವುದು ಇದು: ಶಿಶುಪಾಲನಾ ಕೇಂದ್ರ ಇದೆಯೇ ಎಂದು ನೋಡುವ ತಪಾಸಣೆಯನ್ನು, ಅದು ಬಳಕೆಯಲ್ಲಿದೆಯೇ ಎಂದು ನೋಡುವ ತಪಾಸಣೆಯಾಗಿ ಬದಲಿಸಬೇಕು. ನಾಲ್ಕು ಭೇಟಿಯ ಸಮಯವನ್ನು ಉತ್ಪಾದನೆಯ ಟಾರ್ಗೆಟ್‌ನಿಂದ ಮೊದಲೇ ಕಳೆದು ಲೆಕ್ಕ ಹಾಕುವಂತೆ ಲಿಖಿತ ಸೂಚನೆ ಹೊರಡಬೇಕು. ಕಾರ್ಮಿಕರನ್ನು ಕರೆತರುವ ವಾಹನಗಳಲ್ಲಿ ಮಗು ಎತ್ತಿಕೊಂಡ ತಾಯಿಗೆ ಕೂರುವ ಜಾಗ ಕಡ್ಡಾಯವಾಗಬೇಕು. ಪೀಣ್ಯದಂಥ ಪ್ರದೇಶದಲ್ಲಿ ಇಪ್ಪತ್ತು, ಮೂವತ್ತು ಜನರ ಸಣ್ಣ ಘಟಕಗಳೇ ಬಹಳ. ಅವು ಐವತ್ತರ ಮಿತಿಯ ಕೆಳಗೆ ನುಸುಳಿಹೋಗುತ್ತವೆ. ಹಲವು ಸಂಸ್ಥೆಗಳು ಕೂಡಿ ಒಂದು ಕೇಂದ್ರ ನಡೆಸಲು ಅಥವಾ ಸರ್ಕಾರದ, ನಗರಸಭೆಯ ಕೇಂದ್ರವನ್ನು ಬಳಸಿಕೊಳ್ಳಲು ಸಾಮಾಜಿಕ ಭದ್ರತಾ ಸಂಹಿತೆ ಅವಕಾಶ ಕೊಟ್ಟಿದೆ. ಇದರ ಆಧಾರದಲ್ಲಿ ಕೈಗಾರಿಕಾ ಪ್ರದೇಶಗಳಲ್ಲಿ, ಅದಕ್ಕಿಂತ ಮುಖ್ಯವಾಗಿ ಕಾರ್ಮಿಕರು ಬಾಡಿಗೆಗಿರುವ ಬಡಾವಣೆಗಳಲ್ಲಿ, ಸಾಮೂಹಿಕ ಕೇಂದ್ರಗಳನ್ನು ತೆರೆಯಬೇಕು. ಮಗು ಇರಬೇಕಾದ್ದು ಮನೆಯ ಹತ್ತಿರ. ಎದೆಹಾಲಿನ ಕೂಸು ಮಾತ್ರ ಕಾರ್ಖಾನೆಯ ಹತ್ತಿರ. ಈ ಎರಡನ್ನೂ ಒಂದೇ ನಿಯಮದಲ್ಲಿ ಕಟ್ಟಿದ್ದೇ ಈಗಿನ ವ್ಯವಸ್ಥೆಯ ದೊಡ್ಡ ತಪ್ಪು.

ಅಂಗನವಾಡಿಗೆ ಕರ್ನಾಟಕದಲ್ಲಿ ಆಳವಾದ ಬೇರುಗಳಿವೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಯೋಗವಾಗಿ ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಲ್ಲಿ ಮೈಸೂರು ಜಿಲ್ಲೆಯ ತಿ. ನರಸೀಪುರವೂ ಒಂದು. ಐವತ್ತು ವರ್ಷಗಳಲ್ಲಿ ಅಂಗನವಾಡಿ ಮೂರರಿಂದ ಆರು ವರ್ಷದ ಮಕ್ಕಳನ್ನು ಅಕ್ಕರೆಯಿಂದ ಕೂರಿಸಿಕೊಂಡಿದೆ. ಮೂರು ವರ್ಷದೊಳಗಿನ ಮಗುವಿಗೆ ಅಲ್ಲಿ ಸಿಗುವುದು ಮನೆಗೆ ಒಯ್ಯುವ ಪೌಷ್ಟಿಕ ಆಹಾರ, ತೂಕ, ಲಸಿಕೆಯ ನೆನಪು. ದಿನವಿಡೀ ಇರುವ ಜಾಗ ಸಿಗುವುದಿಲ್ಲ. ತಾಯಿಗೆ ಅತಿ ಕಷ್ಟದ ವರ್ಷಗಳು ಆ ಮೂರೇ. ಕೇಂದ್ರ ಸರ್ಕಾರ ಮಿಷನ್ ಶಕ್ತಿಯ ಭಾಗವಾಗಿ ‘ಪಾಲನಾ’ ಯೋಜನೆಯಡಿ ಅಂಗನವಾಡಿಯ ಜತೆಗೇ ಶಿಶುಪಾಲನಾ ಕೇಂದ್ರ ನಡೆಸುವ ದಾರಿ ತೆರೆದಿದೆ. ಹೆಣ್ಣುಮಕ್ಕಳು ಹೆಚ್ಚಾಗಿ ದುಡಿಯುವ ತಾಲ್ಲೂಕುಗಳಲ್ಲಿ, ಅಂದರೆ ಮದ್ದೂರು, ರಾಮನಗರ, ದೊಡ್ಡಬಳ್ಳಾಪುರದಂಥ ಕಡೆ, ಇದನ್ನು ಮೊದಲು ಜಾರಿಗೆ ತರಬೇಕು. ಕೇಂದ್ರದ ಸಮಯ ಸಂಜೆ ತಾಯಿ ಮನೆ ಮುಟ್ಟುವವರೆಗೂ ಇರಬೇಕು. ಆ ಹೆಚ್ಚಿನ ಗಂಟೆಗಳನ್ನು ಈಗಿರುವ ಅಂಗನವಾಡಿ ಕಾರ್ಯಕರ್ತೆಯ ತಲೆಗೆ ಕಟ್ಟದೆ ಬೇರೆ ಆರೈಕೆದಾರರನ್ನು ಸಂಬಳಕ್ಕೆ ನೇಮಿಸಬೇಕು. ಗೌರವಧನಕ್ಕೆ ದುಡಿಯುವ ಆ ಕಾರ್ಯಕರ್ತೆಯೂ ತಾಯಿ, ಅವಳ ಮಗುವನ್ನು ನೋಡಿಕೊಳ್ಳುತ್ತಿರುವುದೂ ಬಹುಪಾಲು ಅವಳ ಅಮ್ಮನೋ ಅತ್ತೆಯೋ.

ರಾಜ್ಯ ಸರ್ಕಾರ 2023-24ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಘೋಷಿಸಿತು. ಹೆಸರೇ ಮನಸ್ಸಿಗೆ ಹತ್ತುವಂಥದು. ಹಳ್ಳಿಯ ಕೂಲಿ ತಾಯಿಯ ಕೂಸಿಗೂ ಒಂದು ಮನೆ ಬೇಕೆಂದು ಸರ್ಕಾರ ಒಪ್ಪಿದ್ದು ಸಣ್ಣ ಮಾತಲ್ಲ. ಆದರೆ ಇದು ಉದ್ಯೋಗ ಖಾತ್ರಿಯ ನೆಲದ ಮೇಲೆ ಕಟ್ಟಿದ ಮನೆ. ಉದ್ಯೋಗ ಚೀಟಿ ಇರುವ ಮಹಿಳೆಯರೇ ಸರದಿಯ ಮೇಲೆ ಆರೈಕೆದಾರರಾಗಿ ಬರುತ್ತಾರೆ, ಅವರ ಕೂಲಿಯ ದಿನಗಳು ಮುಗಿದಾಗ ಮುಖ ಬದಲಾಗುತ್ತದೆ. ಒಂದು ವರ್ಷದ ಮಗು ಮುಖ ನೋಡಿ ನಂಬುತ್ತದೆ. ಕೂಸಿನ ಮನೆಗೆ ಕಾಯಂ ಆರೈಕೆದಾರರು, ಬೇರೆಯದೇ ಲೆಕ್ಕಶೀರ್ಷಿಕೆ ಬೇಕು. ಹೊಲದ ಕೂಲಿಗೆ, ಗಾರ್ಮೆಂಟ್ಸ್‌ಗೆ, ಮನೆಗೆಲಸಕ್ಕೆ ಹೋಗುವವರ ಮಕ್ಕಳಿಗೂ, ಅಜ್ಜಿಯ ಕೈಯಲ್ಲಿ ಬೆಳೆಯುವ ಮೊಮ್ಮಕ್ಕಳಿಗೂ ಅಲ್ಲಿ ಪ್ರವೇಶ ಸಿಗಬೇಕು. ಇದೇ ಮಾದರಿಯನ್ನು ನಗರಗಳ ವಾರ್ಡುಗಳಿಗೂ ತರಬೇಕು.

ಈಗ ಅಜ್ಜಿಯ ವಿಷಯ. ‘ಅಜ್ಜಿ’ ಎಂದೊಡನೆ ನರೆತ ತಲೆ, ಊರುಗೋಲು ಕಣ್ಣ ಮುಂದೆ ಬರುತ್ತದೆ. ಇಪ್ಪತ್ತರ ಆಸುಪಾಸಿನಲ್ಲಿ ಮದುವೆಗಳಾಗುವ ಮನೆಗಳಲ್ಲಿ ಹೆಂಗಸು ಅಜ್ಜಿಯಾಗುವುದು ನಲವತ್ತೈದಕ್ಕೆ. ಆಕೆ ಇನ್ನೂ ಕಳೆ ಕೀಳುತ್ತಾಳೆ, ಹಸು ಸಾಕಿ ಡೈರಿಗೆ ಹಾಲು ಹಾಕುತ್ತಾಳೆ, ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೀರಿಸುತ್ತಾಳೆ. ಮೊಮ್ಮಗು ಮನೆಗೆ ಬಂದ ದಿನ ಅದೆಲ್ಲ ನಿಲ್ಲುತ್ತದೆ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ (ನರೇಗಾ) ದಿನಗೂಲಿ 370 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ನೂರು ದಿನದ ಕೆಲಸ ಬಿಟ್ಟರೆ ವರ್ಷಕ್ಕೆ 37,000 ರೂಪಾಯಿ ಆಕೆಯ ಕೈತಪ್ಪುತ್ತದೆ. ಮಗಳು ಕಳುಹಿಸುವ ಹಣ ಮಗುವಿನ ಹಾಲು, ಬಿಸ್ಕತ್ತು, ಔಷಧಕ್ಕೆ ಸರಿಹೋಗುತ್ತದೆ. ಅರವತ್ತೈದು ತುಂಬಿದವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಡಿ ತಿಂಗಳಿಗೆ 1,200 ರೂಪಾಯಿ ಬರುತ್ತದೆ, ನಲವತ್ತೈದರಿಂದ ಅರವತ್ತರವರೆಗಿನ ಅಜ್ಜಿಗೆ ಅದೂ ಇಲ್ಲ. ದುಡಿಮೆಯೂ ಇಲ್ಲದ, ಪಿಂಚಣಿಯೂ ಇಲ್ಲದ ಈ ನಡುವಯಸ್ಸಿನ ಹೆಂಗಸರನ್ನು ಸರ್ಕಾರದ ಯಾವ ಯೋಜನೆಯೂ ಹೆಸರಿಟ್ಟು ಕರೆದಿಲ್ಲ.

ಮಧ್ಯಮ ವರ್ಗದಲ್ಲಿ ಹಣದ ಕಷ್ಟ ಕಡಿಮೆ, ನಿರೀಕ್ಷೆಯ ಭಾರ ಹೆಚ್ಚು. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವ ಬೆಂಗಳೂರಿನ ಮನೆಗೆ ಅಜ್ಜಿ ಬರುತ್ತಾರೆ. ತೋಟ, ದನ ನೋಡಿಕೊಳ್ಳಲು ಅಜ್ಜ ಊರಲ್ಲೇ ಉಳಿಯುತ್ತಾರೆ. ನಲವತ್ತು ವರ್ಷ ಒಟ್ಟಿಗೆ ಬಾಳಿದವರು ವಯಸ್ಸಾದ ಮೇಲೆ ಫೋನಿನಲ್ಲಿ ‘ಊಟ ಆಯ್ತಾ’ ಎಂದು ಕೇಳಿಕೊಳ್ಳುತ್ತಾರೆ. ಅಮೆರಿಕದಲ್ಲಿರುವ ಕನ್ನಡಿಗರ ಮನೆಗಳಲ್ಲಿ ಆರು ತಿಂಗಳು ಗಂಡಿನ ಕಡೆಯವರು, ಆರು ತಿಂಗಳು ಹೆಣ್ಣಿನ ಕಡೆಯವರು ಎಂದು ಸರದಿ ಹಾಕುವುದುಂಟು. ‘ಮೊಮ್ಮಗೂನ ನೋಡ್ಕೊಳ್ಳೋಕೆ ನಿಮಗೇನು ಕಷ್ಟ?’ ಎಂಬ ಮಾತಿಗೆ ಯಾವ ಅಜ್ಜಿಯೂ ‘ಕಷ್ಟ’ ಎಂದು ಉತ್ತರಿಸಲಾರಳು. ಅಸಲಿಗಿಂತ ಬಡ್ಡಿಯ ಮೇಲೆ ಪ್ರೀತಿ ಹೆಚ್ಚು ಎನ್ನುತ್ತಾರೆ, ಆ ಪ್ರೀತಿ ನಿಜವೇ. ನಗರದ ಮಗುವಿನ ಬಾಯಿಗೆ ಕನ್ನಡ ಹತ್ತುವುದೂ ಎಷ್ಟೋ ಮನೆಗಳಲ್ಲಿ ಅಜ್ಜಿಯ ಕಥೆಯಿಂದ, ಅಜ್ಜಿಯ ಗದರಿಕೆಯಿಂದ. ಹೀಗಿದ್ದೂ, ಬೇಡ ಎನ್ನುವ ಅವಕಾಶವೇ ಇಲ್ಲದ ಕಡೆ ಪ್ರೀತಿಯೂ ಚಾಕರಿಯಾಗುತ್ತದೆ. ಮಂಡಿನೋವಿರುವ, ಸಕ್ಕರೆ ಕಾಯಿಲೆಯ ಹೆಂಗಸು ದಿನವಿಡೀ ಎರಡು ವರ್ಷದ ಮಗುವಿನ ಹಿಂದೆ ಓಡುವುದು ಎಂಥ ಕೆಲಸ ಎಂಬುದನ್ನು ಮಾಡಿದವರೇ ಬಲ್ಲರು.

ಹಿರಿಯರಿಗಾಗಿ ಇರುವ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಹಾಗೂ ಕಲ್ಯಾಣ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿ ಮಕ್ಕಳಿಂದ ಜೀವನಾಂಶ ಕೊಡಿಸಬಲ್ಲದು. ಅಲ್ಲಿ ಸಂಧಾನದ ವೇಳೆ ಮೊಮ್ಮಕ್ಕಳನ್ನು ಸಾಕಿದ ವರ್ಷಗಳನ್ನು ಹಿರಿಯರ ಕೊಡುಗೆಯೆಂದು ದಾಖಲಿಸಿಕೊಳ್ಳಬೇಕು. ಪೋಷಕರಿಂದ ದೂರವಿರುವ ಮೊಮ್ಮಗುವನ್ನು ಸಾಕುವ ಬಡ ಅಜ್ಜ-ಅಜ್ಜಿಯರಿಗೆ, ವಯಸ್ಸು ಎಷ್ಟೇ ಇರಲಿ, ಮಾಸಿಕ ಪಾಲನಾ ಭತ್ಯೆ ಕೊಡಬೇಕು. ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆಯೂ ಅದರೊಂದಿಗೆ ಸೇರಬೇಕು. ಮಗುವಿನ ಪಡಿತರ ಚೀಟಿ ಒಂದೂರಲ್ಲಿ, ತಾಯಿ ಕಾರ್ಡ್ ಇನ್ನೊಂದೂರಲ್ಲಿ, ಮಗು ಮತ್ತೊಂದೂರಲ್ಲಿ ಇದ್ದಾಗ ಅಂಗನವಾಡಿ ನೋಂದಣಿಗೆ, ಲಸಿಕೆಗೆ, ಆಸ್ಪತ್ರೆಯ ಸಹಿಗೆ ಅಜ್ಜಿ ಅಲೆಯಬೇಕಾಗುತ್ತದೆ. ತಾಯಿ-ತಂದೆಯ ಒಪ್ಪಿಗೆಯ ಮೇಲೆ ಗ್ರಾಮ ಪಂಚಾಯಿತಿ ಕೊಡುವ ಒಂದು ಪತ್ರ ಇದಕ್ಕೆಲ್ಲ ಸಾಕಾಗುವಂತೆ ಆದೇಶ ಬೇಕು.

ತಂದೆಯ ಪಾಲು ಎಲ್ಲಿ ಹೋಯಿತು ಎಂಬ ಪ್ರಶ್ನೆಯನ್ನು ಬದಿಗಿಡುವಂತಿಲ್ಲ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ 15ರಿಂದ 59 ವಯಸ್ಸಿನ ಮಹಿಳೆಯರಲ್ಲಿ ಶೇ. 41ರಷ್ಟು ಮನೆಯವರ ಆರೈಕೆಯಲ್ಲಿ ತೊಡಗಿ ದಿನಕ್ಕೆ 140 ನಿಮಿಷ ಕಳೆಯುತ್ತಾರೆ. ಗಂಡಸರಲ್ಲಿ ಹಾಗೆ ತೊಡಗುವವರು ಶೇ. 21.4, ಅವರು ಕಳೆಯುವುದು 74 ನಿಮಿಷ. ತಾಯಿ ಬಿಟ್ಟ ಜಾಗವನ್ನು ತಂದೆ ತುಂಬದಿದ್ದಾಗ ಅಲ್ಲಿಗೆ ಇನ್ನೊಬ್ಬ ಹೆಂಗಸು ಬರುತ್ತಾಳೆ, ಅವಳೇ ಅಜ್ಜಿ. ರಾಜ್ಯ ಸರ್ಕಾರಿ ಪುರುಷ ನೌಕರರಿಗೆ 15 ದಿನ ಪಿತೃತ್ವ ರಜೆ ಇದೆ, ಖಾಸಗಿ ಕ್ಷೇತ್ರದ ತಂದೆಗೆ ಕಾನೂನಿನ ರಜೆಯೇ ಇಲ್ಲ. ಸರ್ಕಾರಿ ಮಹಿಳಾ ನೌಕರರಿಗೆ 2021ರಲ್ಲಿ ಬಂದ 180 ದಿನಗಳ ಶಿಶುಪಾಲನಾ ರಜೆ ಒಳ್ಳೆಯ ಮಾದರಿ. ಅದು ಹೊರಗುತ್ತಿಗೆಯವರಿಗೂ, ತಂದೆಯರಿಗೂ ದೊರೆಯುವಂತೆ ರಾಜ್ಯ ನಿಯಮ ರೂಪಿಸಬೇಕು, ಖಾಸಗಿ ತಂದೆಯರ ರಜೆಗಾಗಿ ಕೇಂದ್ರಕ್ಕೆ ಶಿಫಾರಸು ಮಾಡಬೇಕು.

ಕೊನೆಯ ಕೋರಿಕೆ ಖರ್ಚಿಲ್ಲದ್ದು. ಕಾರ್ಖಾನೆ ತಪಾಸಣೆಯ ನಮೂನೆಯಲ್ಲಿ ಈಗ ಶಿಶುಪಾಲನಾ ಕೇಂದ್ರಕ್ಕೆ ಬರುವ ಮಕ್ಕಳ ಸಂಖ್ಯೆಗೆ ಜಾಗವಿದ್ದರೆ, ಅದರ ಪಕ್ಕದಲ್ಲೇ ಇನ್ನೆರಡು ಅಂಕಣ ಸೇರಿಸಬೇಕು. ಮೊದಲನೆಯದರಲ್ಲಿ ಆರು ವರ್ಷದೊಳಗಿನ ಮಕ್ಕಳಿರುವ ಕಾರ್ಮಿಕರ ಒಟ್ಟು ಸಂಖ್ಯೆ. ಎರಡನೆಯದರಲ್ಲಿ, ಕೇಂದ್ರಕ್ಕೆ ಬಾರದ ಪ್ರತಿ ಮಗು ಇವತ್ತು ಯಾವ ಊರಲ್ಲಿದೆ, ಯಾರ ಕೈಯಲ್ಲಿದೆ ಎಂಬುದು.