ತುಪ್ಪ ಚಮಚದಲ್ಲಿರಲಿ, ಮಜ್ಜಿಗೆ ತಂಬಿಗೆಯಲ್ಲಿರಲಿ

ಸಿಂಧನೂರಿನ ಕಾಲುವೆ ಕೆಳಗಿನ ಭತ್ತದ ಊರುಗಳಲ್ಲಿ, ಲಿಂಗಸುಗೂರು ಮತ್ತು ಮಸ್ಕಿಯ ಬಿಳಿಜೋಳದ ಸೀಮೆಯಲ್ಲಿ ಎಮ್ಮೆ, ಆಕಳು ಕಟ್ಟಿದ ಮನೆಗಳು ಇನ್ನೂ ಇವೆ. ಆ ಮನೆಗಳ ಬೆಣ್ಣೆ, ತುಪ್ಪದ ಬಗ್ಗೆ ಎರಡು ಮಾತು ಓಡಾಡುತ್ತವೆ. ತುಪ್ಪ ಉಂಡವರಿಗೆ ಕ್ಯಾನ್ಸರ್ ಬರುವುದಿಲ್ಲ ಎಂಬುದು ಒಂದು. ಹಾಲಿನ ಕೊಬ್ಬೆಂದರೆ ವಿಷ ಎಂಬುದು ಇನ್ನೊಂದು. ಎರಡೂ ಪೂರ್ತಿ ನಿಜವಲ್ಲ.

ಮೊದಲ ಮಾತಿಗೆ ಒಂದು ಮೂಲವಿದೆ. ಮೆಲುಕು ಹಾಕುವ ದನಗಳ ಹೊಟ್ಟೆಯ ಸೂಕ್ಷ್ಮಜೀವಿಗಳು ಮೇವಿನ ಕೊಬ್ಬನ್ನು ಬದಲಿಸುತ್ತವೆ. ಅದರಿಂದ ಸಿಎಲ್‌ಎ ಎಂಬ ಕೊಬ್ಬಿನಾಮ್ಲ ಹುಟ್ಟಿ ಹಾಲಿಗೆ ಸೇರುತ್ತದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮೈಕೇಲ್ ಪರೀಜಾ ಅವರ ತಂಡ 1987ರಲ್ಲಿ, ಇದು ಇಲಿಗಳ ಚರ್ಮದ ಗಡ್ಡೆಗಳನ್ನು ಕಡಿಮೆ ಮಾಡಿದ್ದನ್ನು ವರದಿ ಮಾಡಿತು. 1991ರಲ್ಲಿ ಕ್ಲೆಮೆಂಟ್ ಇಪ್ ಮತ್ತು ಸಂಗಡಿಗರು ಇಲಿಗಳ ಸ್ತನದ ಗಡ್ಡೆಗಳಲ್ಲೂ ಅಂಥದೇ ಫಲ ಕಂಡರು. ಹಸಿ ಮೇವು ಮೇಯುವ ದನಗಳ ಹಾಲಿನಲ್ಲಿ ಈ ಆಮ್ಲ ಹೆಚ್ಚು. ಒಣ ಹುಲ್ಲು, ಕಣಿಕೆಯನ್ನೇ ತಿನ್ನುವ ದನಗಳ ಹಾಲಿನಲ್ಲಿ ಕಡಿಮೆ.

ಆದರೆ ಪ್ರಮಾಣವನ್ನು ನೋಡಿ. ಇಪ್ ತಂಡ ತನ್ನ ಇಲಿಗಳಿಗೆ ಕೊಟ್ಟದ್ದು 100 ಗ್ರಾಂ ಆಹಾರಕ್ಕೆ ಸುಮಾರು 1 ಗ್ರಾಂ ಸಿಎಲ್‌ಎ. 100 ಗ್ರಾಂ ತುಪ್ಪದಲ್ಲಿ ಅದು ಇರುವುದು ಸಾಮಾನ್ಯವಾಗಿ ಅರ್ಧದಿಂದ ಒಂದು ಗ್ರಾಂ. ಆ ಲೆಕ್ಕ ಮುಟ್ಟಬೇಕಾದರೆ ನಾವು ದಿನಕ್ಕೆ ಕಡಿಮೆಯೆಂದರೂ ಅರ್ಧ ಕಿಲೋ ತುಪ್ಪ ತಿನ್ನಬೇಕಾದೀತು. ಮನುಷ್ಯರಲ್ಲಿ ತುಪ್ಪದ ಸಿಎಲ್‌ಎ ಕ್ಯಾನ್ಸರ್ ತಡೆಯುತ್ತದೆ ಎಂಬುದು ಸಾಬೀತಾಗಿಲ್ಲ. ಹಾಲಿನ ಕೊಬ್ಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಸ್ಯಾಚುರೇಟೆಡ್ ಕೊಬ್ಬು. ಅದು ಮಿತಿ ಮೀರಿದರೆ ಹೃದಯಕ್ಕೆ ಭಾರ.

ಬ್ಯುಟಿರಿಕ್ ಆಮ್ಲ ಎಂಬ ಇನ್ನೊಂದು ಕೊಬ್ಬಿನಾಮ್ಲದ ಕಥೆಯೂ ಹೀಗೆಯೇ. ಅದು ಬೆಣ್ಣೆ, ತುಪ್ಪದಲ್ಲಿದೆ. ದೊಡ್ಡ ಕರುಳಿನ ಜೀವಕೋಶಗಳಿಗೆ ಅದೇ ಮುಖ್ಯ ಆಹಾರ. ಆದರೆ ತುಪ್ಪದ ಬ್ಯುಟಿರಿಕ್ ಆಮ್ಲ ದೊಡ್ಡ ಕರುಳು ಮುಟ್ಟುವ ಮೊದಲೇ ದೇಹಕ್ಕೆ ಸೇರಿಹೋಗುತ್ತದೆ. ಅಲ್ಲಿಗೆ ಬೇಕಾದದ್ದು ಅಲ್ಲಿಯೇ ತಯಾರಾಗುತ್ತದೆ. ನಾವು ಉಂಡ ನಾರಿನಿಂದ ಕರುಳಿನ ಸೂಕ್ಷ್ಮಜೀವಿಗಳು ಅದನ್ನು ಮಾಡುತ್ತವೆ. ಆ ನಾರು ಜೋಳದ ರೊಟ್ಟಿಯಲ್ಲಿದೆ, ಹೆಸರುಕಾಳಿನಲ್ಲಿದೆ, ಪುಂಡಿಪಲ್ಯದಲ್ಲಿದೆ.

ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯ 2018ರ ವರದಿ ನಮಗೆ ಧೈರ್ಯ ಕೊಡುತ್ತದೆ. ಹಾಲು ಮತ್ತು ಹಾಲಿನ ಪದಾರ್ಥಗಳು ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯವನ್ನು ಬಹುಶಃ ಕಡಿಮೆ ಮಾಡುತ್ತವೆ ಎಂದು ಅದು ಹೇಳಿದೆ. ಇಡಿ ಧಾನ್ಯ, ನಾರಿನ ಆಹಾರದ ಬಗ್ಗೆಯೂ ಅದರ ಮಾತು ಅದೇ. ಹಾಲಿನ ಈ ಗುಣಕ್ಕೆ ಮುಖ್ಯ ಕಾರಣ ಕ್ಯಾಲ್ಸಿಯಂ ಎಂದು ತಜ್ಞರು ಭಾವಿಸುತ್ತಾರೆ. ಮೊಸರು ಕಡೆದಾಗ ಕೊಬ್ಬು ಬೆಣ್ಣೆಗೆ ಹೋಗುತ್ತದೆ, ಕ್ಯಾಲ್ಸಿಯಂ ಮಜ್ಜಿಗೆಯಲ್ಲಿ ಉಳಿಯುತ್ತದೆ. ಅಗ್ಗದ ಮಜ್ಜಿಗೆಯೇ ಹೆಚ್ಚು ಬೆಲೆಯುಳ್ಳದ್ದು.

ಆದ್ದರಿಂದ, ಆತ್ಮೀಯರೇ, ನಿಮ್ಮಲ್ಲಿ ಕೆಲವು ವಿನಂತಿಗಳಿವೆ.

ಹೈನುಗಾರ ಬಂಧುಗಳೇ, ಡೈರಿಗೆ ಹಾಲು ಹಾಕುವ ಮುನ್ನ ಮನೆಯ ಮಕ್ಕಳ ಪಾಲನ್ನು ತೆಗೆದಿಡಿ. ನೀರಿರುವ ಕಡೆ ಒಂದು ಮೂಲೆಯಲ್ಲಾದರೂ ಹಸಿ ಮೇವು ಬೆಳೆಯಿರಿ. ದನಕ್ಕೂ ಒಳ್ಳೆಯದು, ಹಾಲಿಗೂ ಒಳ್ಳೆಯದು.

ಅಡುಗೆ ಮಾಡುವ ತಾಯಂದಿರೇ, ಅಣ್ಣಂದಿರೇ, ಬಿಸಿ ರೊಟ್ಟಿಗೆ ಒಂದು ಚಮಚ ತುಪ್ಪ ಹಾಕಿ, ಸಂತೋಷದಿಂದ ಹಾಕಿ. ತುಪ್ಪವನ್ನು ಔಷಧಿಯೆಂದು ಸುರಿಯಬೇಡಿ. ಕಾಲುವೆ ಬಂದ ಮೇಲೆ ಅನ್ನವೇ ಹೆಚ್ಚಾಗಿರುವ ಮನೆಗಳಲ್ಲಿ ಒಂದು ಹೊತ್ತಾದರೂ ಜೋಳದ ರೊಟ್ಟಿ ಇರಲಿ. ಪಕ್ಕದಲ್ಲಿ ಕಾಳು, ಸೊಪ್ಪು ಇರಲಿ. ಊಟದ ಕೊನೆಗೆ ಮಜ್ಜಿಗೆ ಇರಲಿ.

ಯುವಕರೇ, ಗುಟ್ಕಾ, ಜರ್ದಾ ಬಿಡುವ ಮನಸ್ಸು ಮಾಡಿ. ತಂಬಾಕು, ಅಡಿಕೆ, ಮದ್ಯ ಮೂರೂ ಕ್ಯಾನ್ಸರಿಗೆ ಕಾರಣ ಎಂಬುದು ಸಾಬೀತಾದ ಸಂಗತಿ. ಬಾಯಲ್ಲಿ ಗುಟ್ಕಾ ಇಟ್ಟುಕೊಂಡವರನ್ನು ಯಾವ ತುಪ್ಪವೂ ಕಾಯಲಾರದು. ಒಬ್ಬರಿಗೇ ಬಿಡುವುದು ಕಷ್ಟವಾದರೆ ಗೆಳೆಯರು ಸೇರಿ ಬಿಡಿ.

30 ವರ್ಷ ದಾಟಿದ ಎಲ್ಲರಲ್ಲೂ ಒಂದು ಕೋರಿಕೆ. ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಗೆ ಸರ್ಕಾರದ ಕಾರ್ಯಕ್ರಮವಿದೆ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ವಾಸಿಯಾಗದ ಬಾಯಿಹುಣ್ಣು, ಎದೆಯಲ್ಲಿ ಗಂಟು, ಮುಟ್ಟು ನಿಂತ ಮೇಲೆ ರಕ್ತಸ್ರಾವ ಕಂಡರೆ ನಾಚದೆ ವೈದ್ಯರ ಹತ್ತಿರ ಹೋಗಿ.

ಮನೆಯಲ್ಲಿ ಯಾರಿಗಾದರೂ ಕಾಯಿಲೆ ಗೊತ್ತಾಗಿದ್ದರೆ ತುಪ್ಪ, ಗಿಡಮೂಲಿಕೆ ನಂಬಿ ಚಿಕಿತ್ಸೆ ನಿಲ್ಲಿಸಬೇಡಿ. ಕಲಬುರಗಿಯಲ್ಲೇ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರವಿದೆ. ಬೇಗ ಹೋದಷ್ಟೂ ಗುಣವಾಗುವ ಭರವಸೆ ಹೆಚ್ಚು.

ನೀವು ಇದನ್ನೆಲ್ಲ ಮಾಡಬಲ್ಲಿರಿ ಎಂಬ ನಂಬಿಕೆ ನನಗಿದೆ. ಇವತ್ತಿನ ಊಟದಿಂದಲೇ ಶುರುಮಾಡಿ. ಪಕ್ಕದ ಮನೆಯವರಿಗೂ ಹೇಳಿ.